ಇಬ್ಬರು ಡ್ರೈವರು, ಒಂದು ಡಬ್ಬಿ ಚಟ್ನಿ

ರ‍್ಯಾಲಿ ಅಂದರೆ ಜನಕ್ಕೆ ಕಾರು, ಧೂಳು, ವೇಗ, ಕಪ್ಪು ಕನ್ನಡಕ. ನನಗೆ ಮಾತ್ರ ಅದೊಂದು ಸಂಸಾರ ತಾಪತ್ರಯ. ಸೀಟಿಗೆ ಬೆಲ್ಟು ಬಿಗಿದುಕೊಂಡು ಕೂತ ಮೇಲೂ ಮನೆ ಜಗಳ ಬೆನ್ನು ಬಿಡೋದಿಲ್ಲ ಅಂದರೆ ನನ್ನ ಹಣೆಬರಹ ನೋಡಿ. ಪ್ರತಿ ರ‍್ಯಾಲಿಯಲ್ಲೂ ಏನಾದರೊಂದು ಆಗೇ ಆಗುತ್ತೆ, ಆದಾಗೆಲ್ಲ ನಡುವೆ ನಾನೇ ಸಿಕ್ಕಿಕೊಂಡಿರುತ್ತೇನೆ.

ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ. ನನ್ನ ಅಕ್ಕನ ಗಂಡ, ಅಂದರೆ ಭಾವ, ರ‍್ಯಾಲಿ ಚಾಂಪಿಯನ್. ಅವರ ಮಗನೂ ರ‍್ಯಾಲಿ ಡ್ರೈವರು. ಮೂರು ವರ್ಷದ ಹಿಂದೆ ಪ್ರ್ಯಾಕ್ಟೀಸಿನಲ್ಲಿ ಭಾವ ಎಲ್ಲರ ಮುಂದೆ ಅವನಿಗೆ ಬೈದರು. ಹುಡುಗ ಸುಮ್ಮನಿರಬೇಕೋ ಬೇಡವೋ, "ನಿಮ್ಮ ಕಾಲದ ಡ್ರೈವಿಂಗು ಈಗ ನಡೆಯಲ್ಲ ಅಪ್ಪ" ಅಂದುಬಿಟ್ಟ. ಭಾವ ಕೈಲಿದ್ದ ಹೆಲ್ಮೆಟ್ ಕೆಳಗಿಟ್ಟು, "ಒಂದು ಸಲ ನನ್ನ ಎದುರು ಗೆದ್ದು ತೋರಿಸು. ಅಲ್ಲೀವರ್ಗೂ ನಿಂಗೂ ನಂಗೂ ಮಾತಿಲ್ಲ" ಅಂದರು.

ಅವತ್ತೇ ಹುಡುಗ ಬ್ಯಾಗ್ ಎತ್ತಿಕೊಂಡು ಮೈಸೂರಿನ ವಿಜಯನಗರದ ಮನೆ ಬಿಟ್ಟು ಅಲ್ಲೇ ಹೆಬ್ಬಾಳದ ನಮ್ಮ ಮನೆಗೆ ಬಂದ. ಎರಡು ಮನೆಗೂ ನಡುವೆ ಹತ್ತು ನಿಮಿಷದ ದಾರಿ. ಅಷ್ಟು ದೊಡ್ಡ ಡ್ರೈವರುಗಳಿಬ್ಬರಿಗೂ ಅದನ್ನು ದಾಟೋಕೆ ಮೂರು ವರ್ಷ ಸಾಲಲಿಲ್ಲ.

ಯಾರೋ ಒಬ್ಬ

ನಾನು ನ್ಯಾವಿಗೇಟರ್. ಡ್ರೈವರ್ ಪಕ್ಕ ಕೂತು, ಮುಂದೆ ಯಾವ ತಿರುವು ಬರುತ್ತೆ ಅಂತ ಓದಿ ಹೇಳೋದು ನನ್ನ ಕೆಲಸ. ಮೊದಲು ಬಹಳ ವರ್ಷ ಭಾವನ ಪಕ್ಕ ಕೂತಿದ್ದೆ. ಹುಡುಗ ಮನೆ ಬಿಟ್ಟ ಮೇಲೆ ಅಕ್ಕ ನನ್ನ ಸೀಟು ಬದಲಾಯಿಸಿದಳು. "ಅವನು ಹುಚ್ಚುಚ್ಚಾಗಿ ಓಡಿಸ್ತಾನೆ, ನೀನು ಅವನ ಜೊತೆ ಇರು ಕಣೋ. ನಿಮ್ ಭಾವನ್ನ ದೇವರು ನೋಡ್ಕೋತಾನೆ" ಅಂದಳು. ದೇವರಿಗಿರೋ ಧೈರ್ಯ ನನಗೆಲ್ಲಿಂದ ಬರಬೇಕು ಅಂತ ಅವಳು ಕೇಳಲಿಲ್ಲ.

ಹುಡುಗನ ಜೊತೆ ಮೊದಲನೇ ರ‍್ಯಾಲಿ ಮುಗಿದ ಮಾರನೇ ದಿನ ನಾನು ಹೊಟ್ಟೆಪಾಡಿನ ಕೆಲಸಕ್ಕೆ ಅಂತ ಫ್ಯಾಕ್ಟರಿ ಬಸ್ಸಲ್ಲಿ ಶಿಫ್ಟಿಗೆ ಹೋಗ್ತಿದ್ದೆ. ಭಾವನ ಫೋನು ಬಂತು.

"ನೆನ್ನೆ ಒಂದು ಬಿಳಿ ಕಾರ್ ನೋಡ್ದೆ. ಓಡಿಸೋನು ಎರಡನೇ ಗೇರಿಗೆ ತುಂಬ ಬೇಗ ಇಳಿಸ್ತಾನೆ. ಎಂಜಿನ್ ಒದ್ದಾಡುತ್ತೆ. ಹೇಳ್ಬುಡು."

"ಯಾರಿಗೆ ಹೇಳ್ಲಿ ಭಾವ?"

"ಯಾರೋ ಒಬ್ಬ."

"ಬಿಳಿ ಕಾರು ಸುಮಾರಿದ್ವಲ್ಲ ಭಾವ. ಯಾರು ಅಂತ ಹೇಳಿ."



"ನಿನ್ನ ಪಕ್ಕ ಒಬ್ಬ ಕೂತಿರ್ತಾನಲ್ಲ, ಅವನು."

ಸಂಜೆ ಹುಡುಗನಿಗೆ ಹೇಳಿದೆ. ಅವನು ಮೊಬೈಲಿಂದ ತಲೆ ಎತ್ತದೆ, "ಯಾರು ಹೇಳಿದ್ದು ಮಾವ?" ಅಂದ.

"ಯಾರೋ ಒಬ್ರು" ಅಂದೆ.

"ಅವರಿಗೆ ಹೇಳ್ಬುಡಿ, ಈಗಿನ ಎಂಜಿನ್ ಒದ್ದಾಡಲ್ಲ ಅಂತ."

ಹೇಳಿದೆ. ಅದಕ್ಕೂ ಉತ್ತರ ಬಂತು. ಉತ್ತರಕ್ಕೆ ಉತ್ತರ ಬಂತು. ಮೂರು ವರ್ಷ ಇದೇ ಆಯಿತು. ಫೋನ್ ಕಂಪನಿಯವರು ಇಬ್ಬರ ಮಾತಿಗೂ ನನ್ನೊಬ್ಬನ ಹತ್ತಿರವೇ ರೀಚಾರ್ಜ್ ಮಾಡಿಸಿಕೊಂಡರು.

ಒಂದೇ ಗೋತ್ರ

ಈ ಸಲದ ರ‍್ಯಾಲಿ ಮೈಸೂರಿನ ಪಕ್ಕದಲ್ಲೇ ಇತ್ತು. ಹಿಂದಿನ ದಿನ ಅಕ್ಕ ನನ್ನನ್ನೂ ಎಳೆದುಕೊಂಡು ಈಶ್ವರನ ಗುಡಿಗೆ ಹೋದಳು. ಎರಡು ಅರ್ಚನೆ ಚೀಟಿ ಕೊಟ್ಟಳು, ಒಂದು ಗಂಡನ ಹೆಸರಲ್ಲಿ, ಒಂದು ಮಗನ ಹೆಸರಲ್ಲಿ.

ಅರ್ಚಕರು ಗೋತ್ರ, ನಕ್ಷತ್ರ ಕೇಳಿಕೊಂಡು, "ಏನು ಸಂಕಲ್ಪ ತಾಯಿ?" ಅಂದರು.

"ನಾಳೆ ರೇಸು. ಜಯ ಆಗ್ಲಿ ಅಂತ ಮಾಡಿ."

ಅವರು ಗಂಡನ ಹೆಸರು ಹೇಳಿ ಹೂವು ಏರಿಸಿದರು. ಮಗನ ಚೀಟಿ ತೆಗೆದುಕೊಂಡು, "ಇವರಿಗೆ?" ಅಂದರು.

"ಇವನಿಗೂ ಜಯ."

"ಬೇರೆ ರೇಸಾ?"

"ಇಲ್ಲ ಸ್ವಾಮಿ, ಅದೇ ರೇಸು."

ಅರ್ಚಕರು ಹೂವು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಬಿಟ್ಟರು. "ಗೋತ್ರವೂ ಒಂದೇ, ರೇಸೂ ಒಂದೇ. ಸ್ವಾಮಿಗೆ ಯಾವುದಾದ್ರೂ ಒಂದು ಕಡೆ ಹೇಳಿ ತಾಯಿ."

 ಅಕ್ಕನ ಕಷ್ಟ ನನಗೆ ಗೊತ್ತಿತ್ತು. ಮಗ ಗೆಲ್ಲಲಿಲ್ಲ ಅಂದರೆ ಮನೆಗೆ ಬರಲ್ಲ, ಗೆದ್ದರೆ ಗಂಡನ ಮುಖ ನೋಡೋಕಾಗಲ್ಲ. ಕಣ್ಣು ಒರೆಸಿಕೊಂಡು, "ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸೋ ಹಂಗೆ ಮಾಡಿ ಸ್ವಾಮಿ, ಸಾಕು. ಕಪ್ಪು ಯಾರಾದ್ರೂ ತಗೊಂಡೋಗ್ಲಿ. ನಮ್ಮ ಶೋಕೇಸಲ್ಲಿ ಜಾಗಾನೂ ಇಲ್ಲ" ಅಂದಳು.

ಅಕ್ಕನ ಉಪಾಯ

ದೇವರಿಗೆ ವಹಿಸಿ ಸುಮ್ಮನಿರೋ ಹೆಂಗಸಲ್ಲ ನಮ್ಮಕ್ಕ. ಬೆಳಿಗ್ಗೆ ಕಾರುಗಳೆಲ್ಲ ಸಾಲಾಗಿ ನಿಲ್ಲೋ ಮೈದಾನಕ್ಕೆ ಎರಡು ಟಿಫಿನ್ ಡಬ್ಬಿ ಕಳಿಸಿದ್ದಳು. ಭಾವನ ಕಾರಿಗೆ ಒಂದು, ನಮ್ಮ ಕಾರಿಗೆ ಒಂದು. ಇಲ್ಲಿ ಕಾರುಗಳನ್ನು ಒಂದೊಂದಾಗಿ ಬಿಡ್ತಾರೆ, ಯಾರ ಟೈಮು ಕಡಿಮೆಯೋ ಅವರು ಗೆದ್ದ ಹಾಗೆ. ಚಾಂಪಿಯನ್ ಅಂತ ಭಾವನ ಕಾರು ಮೊದಲು ಹೊರಡೋದು, ಅದರ ಹಿಂದೆ ನಮ್ಮದು. ಹಾಗಾಗಿ ನಿಲ್ಲಿಸಿದ್ದೂ ಅಕ್ಕಪಕ್ಕದಲ್ಲೇ.

ಹುಡುಗ ಡಬ್ಬಿ ತೆಗೆದ. ಮೇಲಿನ ಬಟ್ಟಲಲ್ಲಿ ಚಟ್ನಿ. ಕೆಳಗಿನದರಲ್ಲೂ ಚಟ್ನಿ. ಅದರ ಕೆಳಗೂ ಚಟ್ನಿ. ಪಕ್ಕಕ್ಕೆ ತಿರುಗಿ ನೋಡಿದರೆ ಭಾವನ ಡಬ್ಬಿ ತುಂಬ ಮಲ್ಲಿಗೆ ಹೂವಿನಂಥ ಇಡ್ಲಿ, ಒಂದು ಹನಿ ಚಟ್ನಿ ಇಲ್ಲ.

ಇಬ್ಬರಿಗೂ ಅರ್ಥವಾಯಿತು. ಅಕ್ಕನಿಗೆ ಫೋನ್ ಮಾಡಿದೆ. "ಅಯ್ಯೋ, ಗಡಿಬಿಡೀಲಿ ಹಂಗಾಗಿರ್ಬೇಕು. ಒಬ್ಬರನ್ನೊಬ್ಬರು ಕೇಳಿ ಹಾಕಿಸ್ಕೊಳಕ್ಕೆ ಹೇಳು" ಅಂತ ಇಟ್ಟುಬಿಟ್ಟಳು. ಅವಳ ದನಿಯಲ್ಲಿ ಗಡಿಬಿಡಿ ಸ್ವಲ್ಪವೂ ಇರಲಿಲ್ಲ.

ಬಾಯಿಬಿಟ್ಟು ಒಂದು ಮಾತು ಕೇಳಿದ್ದರೆ ಮುಗೀತಿತ್ತು. ಕೇಳಬೇಕಲ್ಲ. ಭಾವ ಆಕಾಶ ನೋಡಿಕೊಂಡು ಒಣ ಇಡ್ಲಿ ನುಂಗಿದರು, ನಡುನಡುವೆ ನೀರು ಕುಡಿದುಕೊಂಡು. ಹುಡುಗ ಸ್ಟೇರಿಂಗ್ ನೋಡಿಕೊಂಡು ಬೆರಳಲ್ಲಿ ಚಟ್ನಿ ನೆಕ್ಕಿದ, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸಿಕೊಂಡು. ನಾನು ಇಬ್ಬರ ಹತ್ತಿರವೂ ಮಾತು ಬಿಟ್ಟವನಲ್ಲ. ಆ ಕಡೆಯಿಂದ ಇಡ್ಲಿ, ಈ ಕಡೆಯಿಂದ ಚಟ್ನಿ ಹಾಕಿಸಿಕೊಂಡು ಹೊಟ್ಟೆ ತುಂಬ ತಿಂದೆ.

ಹಲಗೆಯ ಎರಡು ಮುಖ

ಕೊನೆಯ ಸುತ್ತು ಮಂಡಕಳ್ಳಿ ದಾಟಿ ಆಚೆ, ನೀಲಗಿರಿ ತೋಪಿನ ಮಣ್ಣುದಾರಿಯಲ್ಲಿ. ಅಷ್ಟು ಹೊತ್ತಿಗೆ ಭಾವ ಮೊದಲು, ನಾವು ಎರಡನೆಯವರು. ವ್ಯತ್ಯಾಸ ಒಂದು ಕೆಮ್ಮು ಕೆಮ್ಮುವಷ್ಟು ಹೊತ್ತಿನದು. ಹುಡುಗ ಹೊರಡೋ ಮುಂಚೆ, "ಮಾವ, ಇವತ್ತು ಆಗಲಿಲ್ಲ ಅಂದ್ರೆ ಇನ್ಯಾವತ್ತೂ ಆಗಲ್ಲ" ಅಂದ. 

ಇಲ್ಲಿ ಒಂದು ನಿಯಮ ಹೇಳಬೇಕು. ಪ್ರತಿ ಕಾರಿನಲ್ಲೂ ಒಂದು ಹಲಗೆ ಇರುತ್ತೆ. ಒಂದು ಕಡೆ ಹಸಿರು ಬಣ್ಣದಲ್ಲಿ 'ಓಕೆ', ಇನ್ನೊಂದು ಕಡೆ ಕೆಂಪು ಬಣ್ಣದಲ್ಲಿ 'ಎಸ್‌ಓಎಸ್'. ಕಾರು ಕೆಟ್ಟು ನಿಂತವರು ಹಿಂದೆ ಬರೋರಿಗೆ ಅದನ್ನು ತೋರಿಸಬೇಕು. ಹಸಿರು ಕಂಡರೆ ಮುಂದೆ ಹೋಗಬಹುದು. ಕೆಂಪು ಕಂಡರೆ ಯಾರಿಗೋ ಪೆಟ್ಟಾಗಿದೆ ಅಂತ, ನಿಲ್ಲಿಸಲೇಬೇಕು.

ತೋಪಿನ ನಡುವೆ ಒಂದು ಕೆಟ್ಟ ಎಡ ತಿರುವು. ಹುಡುಗ ಅದನ್ನು ಬೆಣ್ಣೆ ಸವರಿದ ಹಾಗೆ ತಿರುಗಿಸಿ ಹೊರಗೆ ಬಂದ. ಬಂದರೆ ಎದುರಿಗೆ ಭಾವನ ಕಾರು ರಾಗಿ ಹೊಲದಲ್ಲಿ ಮೂತಿ ಹೂತುಕೊಂಡು ನಿಂತಿದೆ. ದಾರಿ ಪಕ್ಕ ಭಾವ, ಕೈಯಲ್ಲಿ ಹಲಗೆ. ಕೆಂಪು.

ಹುಡುಗ ಬ್ರೇಕ್ ಒತ್ತಿದ ರಭಸಕ್ಕೆ ನನ್ನ ಇಡ್ಲಿ ಚಟ್ನಿ ಎಲ್ಲ ಗಂಟಲಿಗೆ ಬಂತು. ಬೆಲ್ಟು ಕಿತ್ತುಕೊಂಡು ಓಡಿದ.

"ಅಪ್ಪಾ, ಏನಾಯ್ತು? ಎಲ್ಲಿ ಪೆಟ್ಟಾಯ್ತು?"

"ನಂಗೇನಾಗಿದೆ? ನೀನ್ಯಾಕೋ ನಿಲ್ಲಿಸ್ದೆ?"

"ನೀವೇ ಎಸ್‌ಓಎಸ್ ಹಿಡ್ಕೊಂಡಿದ್ದೀರಲ್ಲ."

ಭಾವ ಹಲಗೆ ತಿರುಗಿಸಿ ನೋಡಿಕೊಂಡರು. ಅವರ ಮುಖ ಆ ಕೆಂಪಿಗಿಂತ ಕೆಂಪಾಯಿತು. "ಹೋಗೋ, ಟೈಮ್ ಹೋಗ್ತಿದೆ."

"ಕೈ ಎತ್ತಿ ತೋರ್ಸಿ ಮೊದ್ಲು."

ಚಾಂಪಿಯನ್ ಎರಡೂ ಕೈ ಎತ್ತಿ ತೋರಿಸಿದರು. "ಕತ್ತು ತಿರುಗ್ಸಿ." ತಿರುಗಿಸಿದರು. ಹೊಲದ ಬದುವಿನ ಮೇಲೆ ಆರಾಮಾಗಿ ಕೂತಿದ್ದ ಅವರ ನ್ಯಾವಿಗೇಟರ್, ಕೇಳದೇ ಇದ್ದರೂ ತಾನೂ ಕೈ ಎತ್ತಿದ. ಆಮೇಲೆ ನಾವು ಹೊರಟೆವು. ಕಾರಿನಲ್ಲಿ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಮೂರು ವರ್ಷದ ಮೇಲೆ ಮಾತಾಡಿದ್ದರು. ಮಾತು ಬರೀ ಬೈಗುಳವಾದರೂ ಮಾತೇ ತಾನೆ.

ನಿಂತಿದ್ದರಿಂದ ಹಿಂದಿನ ಕಾರಿನವನು ಟೈಮಲ್ಲಿ ಮುಂದಾದ. ನಾವು ಸೋತೆವು. ಹುಡುಗ ಹೋಗಿ ಟೈರ್ ಮೇಲೆ ಕೂತ. ಆಗ ಅಧಿಕಾರಿಗಳ ಕೋಣೆಯಿಂದ ಕರೆ ಬಂತು. ಒಳಗೆ ಹೋದರೆ ಭಾವ ನಿಂತಿದ್ದಾರೆ, ಮೈಯೆಲ್ಲ ರಾಗಿ ಹೊಲದ ಮಣ್ಣು.

"ಹಲಗೆ ತಪ್ಪಾಗಿ ಹಿಡಿದಿದ್ದು ನಾನು. ಈ ಹುಡುಗ ನಿಯಮದ ಪ್ರಕಾರ ನಿಂತ. ಕಳಕೊಂಡ ಟೈಮು ಅವನಿಗೆ ವಾಪಸ್ ಕೊಡಿ" ಅನ್ನುತ್ತಿದ್ದರು.

ಅಧಿಕಾರಿಗೆ ನಂಬಿಕೆ ಬರಲಿಲ್ಲ. "ಇಷ್ಟು ವರ್ಷದಿಂದ ಓಡಿಸ್ತಿದ್ದೀರಿ ಸಾರ್, ನಿಮಗೆ ಹಲಗೆ ಯಾವ ಕಡೆ ಅಂತ ಗೊತ್ತಾಗಲ್ವಾ?"

ಭಾವ ನೆಲ ನೋಡಿದರು. "ನಾನು ಬಿದ್ದ ತಿರುವನ್ನ ಇವನು ಎಂಗೆ ತಗೋತಾನೆ ಅಂತ ನೋಡ್ತಾ ನಿಂತ್ಬುಟ್ಟಿದ್ದೆ. ಚೆನ್ನಾಗಿ ತಗೊಂಡ. ನನಗಿಂತ ಚೆನ್ನಾಗಿ ತಗೊಂಡ. ಹಲಗೆ ಕಡೆ ಗಮನ ಹೋಗಲಿಲ್ಲ."

"ಹಾಗಾದ್ರೆ ಇದನ್ನ ಬರೆದುಕೊಡಿ."

ಭಾವ ಪೆನ್ನು ತಗೊಂಡು, "ಚೆನ್ನಾಗಿ ತಗೊಂಡ ಅನ್ನೋದೂ ಬರೀಬೇಕಾ?" ಅಂತ ಕೇಳಿದರು.

ಹಿಂದಿನಿಂದ ಹುಡುಗ, "ಬರೀಲಿ ಸಾರ್. ಸೀಲ್ ಹಾಕಿ ನನಗೂ ಒಂದು ಕಾಪಿ ಕೊಡಿ" ಅಂದ.

ಟೈಮು ವಾಪಸ್ ಬಂತು, ಹುಡುಗನಿಗೆ ಕಪ್ಪು ಸಿಕ್ಕಿತು. ಭಾವನ ಕಾರನ್ನು ಲಾರಿಗೆ ಏರಿಸಿದರು. ನಮ್ಮ ಕಾರಿಗೆ ಇರೋದು ಎರಡೇ ಸೀಟು. ಹುಡುಗ ನನ್ನ ಸೀಟಿನ ಬಾಗಿಲು ತೆಗೆದು, "ಬನ್ನಿ ಅಪ್ಪ, ಮನೆಗೆ ಹೋಗೋಣ" ಅಂದ. ಭಾವ ಹತ್ತಿ ಕೂತರು. ನಾನು ಲಾರಿ ಹತ್ತಿದೆ.

ಲಾರಿ ರಿಂಗ್ ರಸ್ತೆಗೆ ಬರೋ ಹೊತ್ತಿಗೆ ಅಕ್ಕನ ಫೋನು.

"ಕಾರು ಮನೆ ಮುಂದೆ ಬಂದು ನಿಂತು ಆಗ್ಲೇ ಎಷ್ಟೊತ್ತಾಯ್ತು ಕಣೋ. ಇಬ್ಬರೂ ಕೆಳಗಿಳೀತಾ ಇಲ್ಲ. ಒಳಗೆ ಕೂತ್ಕೊಂಡು ಜೋರು ಜಗಳ. ಬೀದಿಯವರೆಲ್ಲ ಆಚೆ ಬಂದವ್ರೆ."

"ಏನಂತೆ ಅಕ್ಕ ಜಗಳ?"

"ಎರಡನೇ ಗೇರಂತೆ. ಅವರು ಬೇಗ ಇಳಿಸ್ಬೇಡ ಅಂತಾರೆ, ಇವನು ಇಳಿಸೇ ಇಳಿಸ್ತೀನಿ ಅಂತಾನೆ."

"ಬುಡಕ್ಕ. ನೀನು ಬೇಡಿಕೊಂಡಿದ್ದು ಅದನ್ನೇ ತಾನೆ? ಮಾತಾಡ್ತಾವ್ರಲ್ಲ."

"ಮಾತಾಡ್ಸೋಕೆ ಅಂತ ಮೂರು ವರ್ಷ ಒಂದು ಗುಡಿ ಬಿಡದೆ ಸುತ್ತಿದೆ ಕಣೋ" ಅಂದಳು ಅಕ್ಕ, ಅಳುತ್ತಲೋ ನಗುತ್ತಲೋ ಗೊತ್ತಾಗಲಿಲ್ಲ. "ಈಗ ಇವರ ಬಾಯಿ ಮುಚ್ಚಿಸೋಕೆ ಯಾವ ದೇವರ ಹತ್ರ ಹೋಗ್ಲೋ?"