ಸಮುದ್ರಕ್ಕೆ ಸಿಲಿಂಡರು

ಬಿರುಬೇಸಿಗೆ. ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೆಸರು ಮೇಷ್ಟ್ರು ಬನಿಯನ್ನಿನಲ್ಲೇ ಕೂತು ಫೋನಿನಲ್ಲಿ ಹಡಗಿನವರ ಮೇಲೆ ಹಾರಾಡುತ್ತಿದ್ದರು. ಕಡಲ ತಳದಲ್ಲಿ ಕೆಸರು ಉಗುಳುವ ಗುಡ್ಡಗಳಿವೆ; ಅವು ನೀರಿಗೆ ಎಷ್ಟು ಮೀಥೇನ್ ಅನಿಲ ಬಿಡುತ್ತವೆಂದು ಅಳೆಯುವುದು ಅವರ ಕಸುಬು. ಅಂಥದೊಂದು ಗುಡ್ಡದ ಕೆಸರು ಕೊಳವೆಯೊಳಗೆ ಹೆಪ್ಪುಗಟ್ಟಿ ಅವರ ಮನೆಯ ಫ್ರಿಜ್ಜಿನಲ್ಲಿತ್ತು. ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ಕೂತಿತ್ತು. ಸಂಜೆ ವ್ಯಾನು ಬಂದು ಒಯ್ಯುವವರೆಗೆ ಅದು ಕರಗಬಾರದು. ಕರಗಿದರೆ ಅನಿಲವೂ ಹೋಯಿತು, ವರ್ಷಗಟ್ಟಲೆ ಪಟ್ಟ ಪಾಡೂ ಹೋಯಿತು.

“ತಳ ಬಿರುಕು ಬಿಟ್ಟಿದೆ ಕಣಯ್ಯಾ! ಗ್ಯಾಸು ಬುಸುಬುಸು ಅಂತ ಬರ್ತಿದೆ. ಯಾವ ಗಳಿಗೇಲಿ ಸಿಡಿಯುತ್ತೋ!”

ಮೆಟ್ಟಿಲು ಹತ್ತುತ್ತಿದ್ದ ಕಟ್ಟಡದ ಸೆಕ್ರೆಟರಿಗೆ ಅಷ್ಟು ಸಾಕಾಯಿತು. “ಗ್ಯಾಸು ಸೋರ್ತಿದೆ! ಎಲ್ರೂ ಕೆಳಗಿಳೀರಿ!” ಒಲೆಗಳು ಆರಿದವು. ಅಜ್ಜಿಯೊಬ್ಬರು ಹಲ್ಲಿನ ಸೆಟ್ಟು ಬಿಟ್ಟು ಓಡಿದರು. ಸೆಕ್ರೆಟರಿ ಕೋಳಿಯ ಕತ್ತು ಮುರಿದಂತೆ ಮೇನ್ ಸ್ವಿಚ್ಚು ಎಳೆದರು.

ಫ್ಯಾನು ನಿಂತಿತು, ಮೇಷ್ಟ್ರ ತಲೆ ತಿರುಗತೊಡಗಿತು. ಧಡಧಡನೆ ಕೆಳಗಿಳಿದರು.

“ಕರೆಂಟು ಹಾಕ್ರೀ!”

“ಕಿಡಿ ಹಾರುತ್ತೆ ಸಾರ್. ತಳ ಬಿರಿದಿದೆ ಅಂತ ನೀವೇ ಅಂದ್ರಲ್ಲ.”

“ಅದು ಸಮುದ್ರದ ತಳ!”

“ಸಮುದ್ರಕ್ಕೆ ಯಾರು ಸಾರ್ ಸಿಲಿಂಡರ್ ಹಾಕೋರು?”

ಜನ ನಕ್ಕರು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಸ್ವಿಚ್ಚಿಗೆ ಕೈ ಹಾಕಿದರೆ ನೆರೆಯವರು ರಟ್ಟೆ ಹಿಡಿದರು. ಮೇಲೆ ಹೋಗಲೂ ಬಿಡಲಿಲ್ಲ. ಬಿಸಿಲು ಏರಿತು, ಫೋನು ಮಾಡಿ ಕರೆದ ಅಗ್ನಿಶಾಮಕದವರ ಸುಳಿವಿಲ್ಲ. ಮೇಲೆ ಕೆಸರು ಕರಗುತ್ತಿದೆ, ಇಲ್ಲಿ ಇವರು ಬೀಸಣಿಗೆ ಹಿಡಿದು ಹರಟುತ್ತಿದ್ದಾರೆ!

“ನನ್ನ ಅನ್ನಕ್ಕೆ ಕಲ್ಲು ಹಾಕಿದ್ರಿ! ಗ್ಯಾಸು ಸಿಗದೇ ಇರ್ಲಿ, ಇಷ್ಟೂ ಜನರ ಮುಂದೆ ನನ್ನ ಕ್ಷಮೆ ಕೇಳ್ಬೇಕು.”

“ಸಿಕ್ರೆ?” ಎಂದರು ಸೆಕ್ರೆಟರಿ.

“ನಿಮ್ಮ ಕಾಲಿಗೆ ಬೀಳ್ತೀನ್ರೀ!”

“ರೀ, ಬಾಯಿಗೆ ಬಂದಂಗೆ ಮಾತಾಡ್ಬೇಡಿ,” ಎಂದಳು ಹೆಂಡತಿ.

ಅಂತೂ ಮಧ್ಯಾಹ್ನ ಕಳೆದ ಮೇಲೆ ಅಗ್ನಿಶಾಮಕದವನು ಗ್ಯಾಸು ಪತ್ತೆಹಚ್ಚುವ ಯಂತ್ರ ಹಿಡಿದು ಬಂದ. ಪ್ರತಿ ಮನೆಯಲ್ಲೂ ಅದು ಮುನಿಸಿಕೊಂಡ ಸೊಸೆಯಂತೆ ಮೌನ. ಸೆಕ್ರೆಟರಿಯ ಜೊತೆ ಹಿಂದೆಯೇ ಹತ್ತಿದ ಮೇಷ್ಟ್ರ ಎದೆ ಉಬ್ಬುತ್ತ ಹೋಯಿತು. ಕೊನೆಗೆ ಅವರ ಅಡುಗೆಮನೆ. ಫ್ರಿಜ್ಜಿನ ಬಾಗಿಲು ತೆರೆದದ್ದೇ ತಡ, ಯಂತ್ರ ಹಸಿದ ಕೂಸಿನಂತೆ ಕಿರುಚಿಕೊಂಡಿತು. ಕೊಳವೆಯ ಮುಚ್ಚಳ ಹಾರಿ, ಕೆಸರು ಟೊಮೇಟೊಗಳ ಮೇಲೆ ಹರಿದಿತ್ತು.

“ಗ್ಯಾಸು ಇದೆ,” ಎಂದ ಅವನು.

“ಈಗ ಬಂದದ್ದು! ಇವರು ಕರೆಂಟು ತೆಗೆದದ್ದಕ್ಕೇ ಬಂದದ್ದು!”

“ಯಾವಾಗ್ಲೇ ಬರ್ಲಿ. ಯಾರ ಮನೇದು?”

ಮೇಷ್ಟ್ರು ಹಲ್ಲು ಕಡಿದರು. “ನಂದೇ.”

ಸೆಕ್ರೆಟರಿ ಮೆಲ್ಲಗೆ ಚಪ್ಪಲಿ ಕಳಚಿ ಬದಿಗಿಟ್ಟು, ಕಾಲು ಜೋಡಿಸಿ ನಿಂತರು.