ಕಾಕಾನ ಹಗ್ಗದ ಇನ್ನೊಂದು ತುದಿ

ನಮ್ಮ ಕಾಕಾ ಮೆಟ್ಟಿಲುಗಳ ಬದ್ಧವೈರಿ. ಮನೆಯ ಮೆಟ್ಟಿಲಿನ ಮೇಲೆ ಅವರಿಗಿರುವುದು ಸಾಮಾನ್ಯ ಸಿಟ್ಟು. ಮುಂಬಯಿಯ ಭಾಂಡುಪಿನಲ್ಲಿರುವ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟ ದಿನ ಮೂರನೆಯ ಮಹಡಿ ತಲುಪುವಷ್ಟರಲ್ಲಿ ಸೊಸೈಟಿ ಸೆಕ್ರೆಟರಿಯ ವಂಶವನ್ನೆಲ್ಲ ನೆನೆದು ಮುಗಿಸುತ್ತಾರೆ, ಅಷ್ಟೆ. ನಿಜವಾದ ಹಗೆ ಇರುವುದು ಬೆಟ್ಟದ ಮೆಟ್ಟಿಲುಗಳ ಮೇಲೆ. ಯಾವುದೇ ಕೋಟೆಗೆ ಹೋಗಲಿ, ಯಾರೋ ಪುಣ್ಯಾತ್ಮರು ಕಡಿದಿಟ್ಟ ಮೆಟ್ಟಿಲನ್ನು ಬಿಟ್ಟು ಪಕ್ಕದ ಬಂಡೆಗೆ ಕೈಕಾಲು ಊರಿ, ಹಲ್ಲಿಯಂತೆ ಏರತೊಡಗುತ್ತಾರೆ. ಕೇಳಿದರೆ, "ಮೆಟ್ಟಲಾ ಏರೂದು ಏರೂದಲ್ಲವಾ, ಅದು ಬರೇ ಹೋಗೂದು" ಎಂಬ ಉತ್ತರ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಚಿಕ್ಕವರಿದ್ದಾಗ ವಿಜಯಪುರದ ಕಡೆಯಿಂದ ಬಂದು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಿವೃತ್ತಿಯ ನಂತರ ಹತ್ತಿಕೊಂಡದ್ದು ಈ ಬಂಡೆಯ ಹುಚ್ಚು. ಕೈಕಾಲಿಗೆ ದಕ್ಕುವ ಬಂಡೆಗಳೆಲ್ಲ ಮುಗಿದ ಮೇಲೆ, ಹಗ್ಗವಿಲ್ಲದೆ ದಕ್ಕದ ಒಂದು ಗೋಡೆಯ ಮೇಲೆ ಅವರ ಕಣ್ಣು ಬಿತ್ತು. ಅದು ಮುಂಬ್ರಾದ ಗುಡ್ಡದಲ್ಲಿದೆ. ಲೋಕಲ್ ರೈಲಿನಲ್ಲಿ ಹೋಗುವಾಗಲೆಲ್ಲ ವರ್ಷಗಟ್ಟಲೆ ಅದನ್ನು ಕಿಟಕಿಯಿಂದ ನೋಡಿದ್ದರಂತೆ. ಅಲ್ಲಿಯೇ ಶನಿವಾರ, ಭಾನುವಾರ ಗೈಡ್ ಒಬ್ಬಳು ಏರುವುದನ್ನು ಕಲಿಸುತ್ತಾಳೆಂದು ತಿಳಿದು ಹೆಸರು ಕೊಟ್ಟರು. ಒಂದೇ ಷರತ್ತು: ಜೋಡಿಯಾಗಿ ಬರಬೇಕು. ಒಬ್ಬರು ಏರುವಾಗ ಇನ್ನೊಬ್ಬರು ಕೆಳಗೆ ನಿಂತು ಅವರ ಹಗ್ಗ ಹಿಡಿಯಬೇಕು.

ಕಾಕು, ಅಂದರೆ ಕಾಕಾನ ಹೆಂಡತಿ, ಜೋಡಿಯಾಗಲು ಒಪ್ಪಲಿಲ್ಲ. "ವಯಸ್ಸಾದ ಮ್ಯಾಲ ಮಂದಿ ದೇವರ ಗುಡ್ಡಾ ಏರತಾರ. ಇವರು ದೇವರಿಲ್ಲದ ಗುಡ್ಡಾ ಹುಡುಕ್ಕೊಂಡು ಹೊಂಟಾರ."

"ದೇವರ ಗುಡ್ಡಕ್ಕ ಮೆಟ್ಟಲಾ ಇರ್ತಾವಲ್ಲ," ಎಂದರು ಕಾಕಾ.

ಹೀಗಾಗಿ ನಾನು ಹೊರಟೆ. ಬಾಗಿಲಲ್ಲಿ ಕಾಕು ನನ್ನ ಕೈ ಹಿಡಿದು, "ಹೆಂಗ ಕರ್ಕೊಂಡು ಹೊಂಟೀಯೋ ಹಂಗ ತಂದು ಒಪ್ಪಸಬೇಕ ನೋಡವಾ" ಎಂದಾಗ ನಕ್ಕುಬಿಟ್ಟೆ. ಕಾಕಾ ತೂಕದಲ್ಲಿ ನನ್ನ ಒಂದೂವರೆಪಟ್ಟು. ರೈಲು ಠಾಣೆ ತಲುಪುವಷ್ಟರಲ್ಲಿ ನನ್ನ ನಗು ನಿಂತಿತ್ತು.

ಕಾಕಾನ ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಕಾಲು ಯಾರಿಗಾದರೂ, ಯಾವುದಕ್ಕಾದರೂ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮೆಲ್ಲರ ಮನೆಗಳಲ್ಲೂ ಇದೆ. ಆದರೆ ಮುಂಬಯಿಯ ಲೋಕಲ್ಲಿನಲ್ಲಿ ಅದನ್ನು ಪಾಲಿಸುವವರು ಇದ್ದಾರೆಯೇ? ಕಾಕಾ ಇದ್ದಾರೆ. ಕುರ್ಲಾ ಬರುವಷ್ಟರಲ್ಲಿ ಅರ್ಧ ಬೋಗಿಗೆ ನಮಸ್ಕಾರ ಸಂದಿರುತ್ತದೆ. ಒಮ್ಮೆ ಒಬ್ಬನ ಮೊಣಕಾಲಿಗೆ ಹೀಗೆ ಕೈ ಹಾಕಿದಾಗ ಆತ ಪಾಕೀಟು ಹಿಡಿದುಕೊಂಡು, "ಚಾಚಾ, ಕ್ಯಾ ಚಾಹಿಯೇ?" ಏನು ಬೇಕು, ಎಂದನಂತೆ.

"ಕುಛ್ ನಹೀಂ. ಪಾಂವ್ ಲಗಾ." ಏನಿಲ್ಲ, ಕಾಲು ತಾಗಿತು, ಎಂದರಂತೆ ಕಾಕಾ.

"ಅರೇ ಚಾಚಾ, ಯಹಾಂ ತೋ ಸಬ್‌ಕೋ ಸಬ್‌ಕಾ ಲಗತಾ ಹೈ!" ಇಲ್ಲಿ ಎಲ್ಲರಿಗೂ ಎಲ್ಲರ ಕಾಲು ತಾಗುತ್ತದೆ, ಎಂದನಂತೆ ಆತ.

ಶನಿವಾರ ಈ ಅಭ್ಯಾಸ ಕಾಕಾನಿಗೆ ಕೀರ್ತಿ ತಂದಿತು. ಹಗ್ಗವನ್ನು ತುಳಿಯಬಾರದು, ಮರಳು ಒಳಹೊಕ್ಕು ಎಳೆ ಕತ್ತರಿಸುತ್ತದೆ ಎಂಬುದು ಗೈಡ್ ಕಲಿಸಿದ ಮೊದಲ ಪಾಠ. ಅವಳು ಮರಾಠಿ ಹುಡುಗಿ, ಶಾಲೆಯ ಟೀಚರಮ್ಮನ ಹಾಗೆ ಗದರುವವಳು. ನಾವೆಲ್ಲ ಸರದಿಯ ಮೇಲೆ ತುಳಿದು ಬೈಸಿಕೊಂಡೆವು. ಕಾಕಾ ಹಗ್ಗದ ಮೇಲೆ ದಾಟಲೂ ಒಲ್ಲದೆ ಸುತ್ತು ಹಾಕಿ ಹೋದರು. ಬೂಟಿನ ತುದಿ ತಾಗಿದ್ದಕ್ಕೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಬಘಾ, ಕಾಕಾಂಕಡೂನ್ ಶಿಕಾ," ನೋಡಿ ಕಲಿಯಿರಿ, ಎಂದಳು ಆಕೆ. ಆಮೇಲೆ ಆ ತಲೆಗೆ ಹೆಲ್ಮೆಟ್ ಸಾಲದಾಯಿತು.

ಭಾನುವಾರ ದೊಡ್ಡ ಗೋಡೆ. ಹಗ್ಗ ಕಾಕಾನ ಸೊಂಟದ ಪಟ್ಟಿಯಿಂದ ಮೇಲೇರಿ, ಗೋಡೆಯ ತುದಿಗೆ ಹೊಡೆದಿದ್ದ ಕಬ್ಬಿಣದ ಬಳೆಯೊಂದರಲ್ಲಿ ನುಸುಳಿ, ಮತ್ತೆ ಕೆಳಗೆ ನನ್ನ ಕೈಗೆ ಬರುತ್ತಿತ್ತು. ನನ್ನ ಸೊಂಟದಲ್ಲಿ ಹಗ್ಗಕ್ಕೆ ಬ್ರೇಕಿನಂತಹ ಒಂದು ಪುಟ್ಟ ಲೋಹದ ಸಾಧನ. ಇರುವೆ ಕಚ್ಚಲಿ, ಆಕಾಶ ಬೀಳಲಿ, ಆ ಸಾಧನದ ಕೆಳಗಿನ ಕೈ ಹಗ್ಗ ಬಿಡಬಾರದು. ನಾನು ಹಗುರವೆಂದು ಗೈಡ್ ನನ್ನನ್ನು ಹಿಂದಿನ ಬಂಡೆಗೆ ಪಟ್ಟಿ ಹಾಕಿ ಬಿಗಿದಳು.

"ಎಮ್ಮಿ ಕಟ್ಟಿದಂಗ ಕಟ್ಟ್ಯಾರಲ್ಲವಾ ನಿನ್ನ," ಎಂದರು ಕಾಕಾ.

"ಹಾಲು ಕೇಳಬ್ಯಾಡ್ರಿ ಮತ್ತ."

ಅವರು ಬಂಡೆಯೊಂದಿಗೆ ಮಾತಾಡುತ್ತ ಏರಿದರು. ಅರ್ಧ ದಾರಿಯಲ್ಲಿ, ನನ್ನ ಕಡೆಗೆ ಇಳಿದು ಬರುವ ಹಗ್ಗಕ್ಕೆ ಅವರ ಎಡ ಹಿಮ್ಮಡಿ ತಾಗಿತು. ನಾನು ನೋಡಿದೆ. ಮುಂದೇನಾಗುತ್ತದೆಂದು ಆ ಗುಡ್ಡದಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನಾನು ಎಚ್ಚರಿಸುವ ಮೊದಲೇ ಅವರ ಬಲಗೈ ಬಂಡೆಯನ್ನು ಬಿಟ್ಟು ಕೆಳಗಿಳಿಯಿತು, ಹಗ್ಗವನ್ನು ಮುಟ್ಟಿತು, ಮುಖದ ಕಡೆ ಹೊರಟಿತು. "ಕಾಕಾ, ಹಾತ್ ಸೋಡೂ ನಕಾ!" ಕೈ ಬಿಡಬೇಡಿ, ಎಂದು ಗೈಡ್ ಕೂಗುವಷ್ಟರಲ್ಲಿ ಕೈ ಬಲಗಣ್ಣನ್ನು ತಲುಪಿಯಾಗಿತ್ತು. ಎಡಗಣ್ಣಿನ ಪಾಳಿ ಬರುವ ಮೊದಲೇ ಕಾಲು ಜಾರಿತು.

ನನ್ನ ಪಾದಗಳು ನೆಲ ಬಿಟ್ಟವು. ಸೊಂಟವನ್ನು ಹಗ್ಗ ಮೇಲಕ್ಕೆಳೆಯಿತು, ಪಟ್ಟಿ ಹಿಂದಕ್ಕೆಳೆಯಿತು. ಕೆಳಗಿನ ಕೈ ಮುಚ್ಚಿಯೇ ಇತ್ತು. ನಾನು ಮುಚ್ಚಿದೆನೆಂದು ಹೇಳಲಾರೆ, ಅದು ಮುಚ್ಚಿತ್ತು. ಕಾಕಾ ಗೋಡೆಯ ಮುಂದೆ ಗಡಿಯಾರದ ಲೋಲಕದಂತೆ ನಿಧಾನವಾಗಿ ತೂಗುತ್ತಿದ್ದರು. ಆ ಹಗ್ಗ ನೇಯ್ದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನನ್ನನ್ನು ಎಮ್ಮೆಯಂತೆ ಕಟ್ಟಿದ ಆ ಹುಡುಗಿಯ ಹೊಟ್ಟೆಯೂ.

ಮೇಲಿಂದ ದನಿ ಬಂತು. "ಹಿಡದಿಯೇನವಾ?"

"ಹಿಡದೀನ್ರಿ."

"ಹಂಗಾರ ಇನ್ನೊಂದ ಕಣ್ಣಿಗೂ ಒತ್ತಿಕೊಂಡ ಬಿಡ್ತೀನಿ. ಅರ್ಧಾ ಉಳದೈತಿ." ಒತ್ತಿಕೊಂಡರು ಕೂಡ!

ಗೈಡ್ ನನ್ನ ಕೈಯ ಮೇಲೆ ಕೈಯಿಟ್ಟು ಅವರನ್ನು ಮೆಲ್ಲಗೆ ಇಳಿಸಿದಳು. ಮೊಣಕೈ ತರಚಿತ್ತು, ಬೇರೇನಿಲ್ಲ. ಎಲ್ಲರೂ ನಕ್ಕರು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಕಾಕಾನ ಹಗ್ಗ ಬಿಚ್ಚಿಯಾಯಿತು. ನನ್ನ ಕೈ ಮಾತ್ರ ತೆರೆಯಲೊಲ್ಲದು. ತೆರೆ ಎಂದು ಹೇಳುತ್ತಿದ್ದೆ, ಅದು ಕೇಳುತ್ತಿರಲಿಲ್ಲ.

ಕಾಕಾ ಬಂದು ನೋಡಿದರು. ತಮಾಷೆ ಮಾಡಲಿಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸಿದರು. "ಬಿಡವಾ. ನಾ ನೆಲದ ಮ್ಯಾಲ ನಿಂತೀನಿ ನೋಡು."

ಇನ್ನು ಮುಂದೆ ಇವರ ಹಗ್ಗವನ್ನು ತಾನೇ ಹಿಡಿಯುತ್ತೇನೆಂದಳು ಗೈಡ್. ಜಾಣತನದ ಮಾತು. ನಾನು ಅವಳಿಗೆ ಧನ್ಯವಾದ ಹೇಳುವವಳಿದ್ದೆ. ಕಾಕಾ ತಮ್ಮ ಹರಕು ಮರಾಠಿಯಲ್ಲಿ, ಬೇಡ, ಈಕೆಯೇ ಹಿಡಿಯಲಿ, ಎಂದರು. ಮತ್ತೆ ನನಗೆ, "ನೀ ಯಾವಾಗ ಅಂತಿ, ಆವಾಗ ಏರತೀನಿ. ಇವತ್ತ ಆಗಲಿಲ್ಲಂದ್ರ ಇಲ್ಲ."

ಬಿಸಿಲು ಗೋಡೆಯತ್ತ ಸರಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಂಡೆ ಕಾಯ್ದು ಏರುವುದೇ ಮುಗಿಯುತ್ತಿತ್ತು. ಉಳಿದವರು ತಮ್ಮ ಪಾಳಿ ಮುಗಿಸಿದರು. ಕಾಕಾ ಪಟ್ಟಿ ಬಿಚ್ಚದೆ, ಗೋಡೆಯ ಕಡೆ ನೋಡದೆ, ನನ್ನ ಅಂಗೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತರು. ಕುಕ್ಕರ್ ಸೀಟಿ ಹೊಡೆಯುವವರೆಗೂ ಕಾಯದ ಮನುಷ್ಯ.

ಕೈ ಮತ್ತೆ ನನ್ನ ಮಾತು ಕೇಳತೊಡಗಿತು. ನಾನು ಎದ್ದೆ, ಗೈಡ್ ಕಾಕಾನಿಗೆ ಮತ್ತೆ ಹಗ್ಗ ಕಟ್ಟಿದಳು. ಬೆನ್ನಿನ ಪಟ್ಟಿ ಬಿಗಿಯಿದೆಯೇ ಎಂದು ಎಳೆದು ನೋಡಿ, ಕೆಳಗಿನ ಕೈಯಿಂದ ಹಗ್ಗ ಹಿಡಿದೆ.

"ಏರ್ರಿ ಕಾಕಾ," ಎಂದೆ.