ಹಳೆ ಹರಕೆಗಳ ದಫ್ತರು

ಜಗತ್ತಿನಲ್ಲಿ ಅಶಿಸ್ತಿನಿಂದ ಕೆಟ್ಟವರು ಬಹಳ. ಶಿಸ್ತಿನಿಂದ ಕೆಟ್ಟವನು ನಾನೊಬ್ಬನೇ ಇರಬೇಕು.

ಇದು 2008ರ ಮಾತು. ಅರಸೀಕೆರೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎಂಟು ವರ್ಷದ ಟಿಪ್ಪಣಿಗಳು ತುಂಬಿದ್ದವು. ಪತ್ರಿಕೆಗೆ ಬರೆಯುವವನಿಗೆ ಕಂಡದ್ದನ್ನೆಲ್ಲ ಗುರುತು ಹಾಕಿಕೊಳ್ಳುವ ಚಟ. ಹುಲಿಕೆರೆ ಕೊಳದ ಮೆಟ್ಟಿಲುಗಳ ವಿವರ, ಅದರ ಕೆಳಗೆ ಗ್ಯಾಸ್ ಬುಕ್ ಮಾಡಿದ ತಾರೀಖು, ಅದರ ಕೆಳಗೆ ನನ್ನ ಹೆಂಡತಿ ಪುಷ್ಪಲತಾಳ ಹರಕೆ. ನನಗೆ ಜ್ವರ ಬಂದರೆ, ನಾನು ಬರುವ ಬಸ್ಸು ತಡವಾದರೆ ಅವಳು ಹರಕೆ ಹೊರುತ್ತಾಳೆ. ಹೊರುವವಳು ಅವಳು, ತೀರಿಸಬೇಕಾದವನು ನಾನು. "ಬರ್ಕೊಳಿ, ಮರ್ತೋಗುತ್ತೆ" ಎನ್ನುತ್ತಾಳೆ. ಬರೆದುಕೊಳ್ಳುತ್ತೇನೆ. ಆಮೇಲೆ ಇಬ್ಬರೂ ಮರೆಯುತ್ತೇವೆ. (ನಮ್ಮ ದಾಂಪತ್ಯದ ನೆಮ್ಮದಿಯ ಗುಟ್ಟೇ ಇದು.)

ಒಂದು ಭಾನುವಾರ 'ದಫ್ತರು' ಎಂಬ ಹೊಸ ಫೋಲ್ಡರ್ ತೆರೆದೆ. ಹಳೆಯದನ್ನೆಲ್ಲ ವಿಷಯವಾರು, ತಾರೀಖುವಾರು ವಿಂಗಡಿಸಿ ಅದರೊಳಗೆ ಚಿರವಿಶ್ರಾಂತಿಗೆ ಕಳಿಸುವುದು ಯೋಜನೆ. ಮೂರು ಭಾನುವಾರ ಹಿಡಿಯಿತು. ಪರದೆ, ಮದುವೆ ಮುಗಿದ ಛತ್ರದಂತೆ ಖಾಲಿಯಾಯಿತು.

ಆ ವಾರವೇ ಹಾಸನದ ಒಂದು ಸಂಘದಿಂದ ಪತ್ರ ಬಂತು. ಮುಂದಿನ ತಿಂಗಳು ನನಗೆ ಸನ್ಮಾನ. ಮೂವತ್ತು ವರ್ಷ ಊರವರ ಸನ್ಮಾನಗಳ ವರದಿ ಬರೆದವನ ಫೋಟೊ ಮೊದಲ ಸಲ ಪತ್ರಿಕೆಯಲ್ಲಿ ಬರಲಿತ್ತು. ಇದ್ದಷ್ಟು ಕೂದಲಿಗೆ ಹಚ್ಚಲು ಬಣ್ಣ ತಂದಿಟ್ಟೆ.

ಅಷ್ಟರಲ್ಲಿ ಗೆಂಡೆಹಳ್ಳಿಯಿಂದ ಅತ್ತೆ ಮಹದೇವಮ್ಮ ಬಂದರು. ಅವರ ಎದುರೇ ಮಿಕ್ಸಿ ಸುಟ್ಟುಹೋಯಿತು. ಎರಡು ದಿನ ಹಾಲು ಒಡೆಯಿತು.

"ಯಾವ್ದೋ ಹರಕೆ ಬಾಕಿ ಐತೆ ಕಣೇ," ಎಂದರು ಮಗಳಿಗೆ.

"ಇವ್ರು ಎಲ್ಲಾ ಕಂಪ್ಯೂಟ್ರಲ್ಲಿ ಬರ್ದಿಟ್ಟಿದ್ದಾರಮ್ಮ. ರೀ, ಸ್ವಲ್ಪ ತೋರ್ಸಿ."

ಖಾಲಿ ಪರದೆ ತೋರಿಸಿದೆ. "ನೋಡಿ ಅತ್ತೆ, ಒಂದೂ ಇಲ್ಲ."

ಅತ್ತೆ ಕನ್ನಡಕ ಏರಿಸಿದರು. "ಮೂಲೇಲಿ ದಫ್ತರು ಅಂತ ಐತಲ್ಲ, ಅದೇನು?"

"ಅದು ಅವಧಿ ಮುಗಿದದ್ದು."

"ದೇವ್ರಿಗೆ ಎಂಥ ಅವಧಿ ಅಳಿಯಂದ್ರೆ? ತಗೀರಿ."

ತೆಗೆದೆ. ಎಂಟು ವರ್ಷ ಅಲ್ಲಲ್ಲಿ ಚೆಲ್ಲಾಡಿಕೊಂಡು ಯಾವ ಪತ್ತೇದಾರನಿಗೂ ಸಿಗದಂತಿದ್ದ ಹರಕೆಗಳು, ನನ್ನ ಶಿಸ್ತಿನ ಕೃಪೆಯಿಂದ ಒಂದೇ ಕಡೆ ಸಾಲಾಗಿ ನಿಂತಿದ್ದವು. ಒಟ್ಟು ಹನ್ನೊಂದು. ಎಂಟು ಬರೀ ಹಣ್ಣುಕಾಯಿ. ಉಳಿದ ಮೂರು ಮುಡಿ ಕೊಡುವುದು: ನಂಜನಗೂಡು, ಧರ್ಮಸ್ಥಳ, ಮಾದಪ್ಪನ ಬೆಟ್ಟ. ಮೂರಕ್ಕೂ ಗೊತ್ತುಮಾಡಿದ್ದು ನನ್ನ ತಲೆ.

"ಎಷ್ಟು ಚೆನ್ನಾಗಿ ಜೋಡ್ಸಿಟ್ಟಿದ್ದೀರಿ ರೀ," ಎಂದ ಪುಷ್ಪಲತಾಳ ಕಣ್ಣು ತುಂಬಿತ್ತು.

"ಸನ್ಮಾನ ಮುಗೀಲಿ," ಎಂದೆ.

"ಆ ಸನ್ಮಾನ ಯಾರು ಕೊಡ್ಸಿದ್ದು ಅಂದ್ಕೊಂಡ್ರಿ?" ಎಂದಳು ದೇವರಮನೆ ಕಡೆ ನೋಡುತ್ತ.

"ಒಂದು ತಲೇಲಿ ಮೂರು ಮುಡಿ ಹೇಗೆ ಕೊಡೋದು?"

"ಬೆಳೀತದೆ ಬಿಡಿ," ಎಂದರು ಅತ್ತೆ. "ಒಂದೊಂದಕ್ಕೆ ನಾಲ್ಕು ತಿಂಗ್ಳು ಮಡಿಕ್ಕೊಳಿ."

ನಂಜನಗೂಡಿನಲ್ಲಿ ಕೂದಲಿನ ಜೊತೆ ಮೀಸೆಯೂ ಹೋಯಿತು. ಹಾಸನದಲ್ಲಿ ತೊಡಿಸಿದ ಪೇಟ ನುಣ್ಣನೆಯ ತಲೆಯ ಮೇಲೆ ಹಿಡಿತವೇ ಸಿಗದೆ ಮೂಗಿನವರೆಗೂ ಜಾರಿತು. ಪತ್ರಿಕೆಯಲ್ಲಿ ಬಂದದ್ದು ಒಂದು ಪೇಟ, ಒಂದು ಗದ್ದ, ಒಂದು ಹಾರ. ಹೆಸರನ್ನೂ ತಪ್ಪಾಗಿ ಹಾಕಿದ್ದರು; ನಾನು ಆಕ್ಷೇಪಿಸಲಿಲ್ಲ.

ಬೋಳುತಲೆಗೆ ಗಾಳಿ ಹೊಡೆದು ಶೀತವಾಯಿತು, ಶೀತ ಜ್ವರವಾಯಿತು. ಮೂರನೆಯ ದಿನ ಕಂಬಳಿಯಿಂದ ಮುಖ ಹೊರಹಾಕಿದಾಗ ಪುಷ್ಪಲತಾ ದೇವರಮನೆಯಿಂದ ಬರುತ್ತಿದ್ದಳು. ಹಣೆ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟಳು.

"ಜ್ವರ ಬಿಟ್ಟಿದೆ. ರಾತ್ರಿನೇ ಒಂದು ಮುಡಿ ಹೇಳ್ಕೊಂಡಿದ್ದೆ. ಏಳ್ತಿದ್ದ ಹಾಗೇ ಬರ್ಕೊಳಿ. ದಫ್ತರಲ್ಲೇ ಬರೀರಿ, ಹುಡುಕೋಕೆ ಸುಲಭ."